ಉಪ್ಪಿನ ಬುಟ್ಟಿ, ಖಾರದ ಕೊಂಬು

ತರಗತಿಯಲ್ಲಿ ಒಂದು ದಿನ ಪಾಠದ ನಡುವೆ ‘ಮರಿಗೆ’ ಎಂಬ ಶಬ್ದ ಬಂದಿತು. ಉಪ್ಪು ಮೊದಲಾದವನ್ನು ಇಡಲು ಮರದಲ್ಲಿ ತೋಡಿದ ಪಾತ್ರೆ ಎಂದು ಅರ್ಥ ಹೇಳಿ ಮುಂದಿನ ಸಾಲಿಗೆ ಹೋಗುವವನಿದ್ದೆ. ಅಷ್ಟರಲ್ಲಿ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ತಾಮ್ರ ಹಿತ್ತಾಳೆಗಳಿದ್ದ ಕಾಲದಲ್ಲಿಯೂ ಉಪ್ಪನ್ನು ಮರದಲ್ಲಿಯೇ ಏಕೆ ಇಡುತ್ತಿದ್ದರು, ಸರ್?” ಎಂದು ಕೇಳಿದಳು. ನನಗೆ ಉತ್ತರ ತೋಚಲಿಲ್ಲ. ಕನ್ನಡ ಎಂ.ಎ. ತರಗತಿಯಲ್ಲಿ ಶಬ್ದದ ಹುಟ್ಟನ್ನು ಕಲಿತಿದ್ದೆನೇ ಹೊರತು ಉಪ್ಪಿನ ಸ್ವಭಾವವನ್ನು ಕಲಿತಿರಲಿಲ್ಲ.

ಆಗ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಅಂಜುತ್ತಲೇ ಹೇಳಿದ: “ನಮ್ಮ ಆಯಿ ಹತ್ರ ಬಿದಿರಿನ ಉಪ್ಪಿನ ಬುಟ್ಟಿ ಅದರಿ ಸರ್. ಖಾರ ಹಾಕೂ ಕೊಂಬೂ ಅದ.”

ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ಜಂಬದವರಿಗೆ ಕೊಂಬು ಮೂಡುವುದನ್ನು ಎಲ್ಲರೂ ಬಲ್ಲರು. ಖಾರ ತುಂಬುವ ಕೊಂಬನ್ನು ಯಾರೂ ಕಂಡಿರಲಿಲ್ಲ. ನಾನೂ ಕಂಡಿರಲಿಲ್ಲ. ಆದುದರಿಂದ ಬಂದ ಭಾನುವಾರವೇ ಆ ಹುಡುಗನೊಡನೆ ಚಿದ್ರಿಗೆ ಹೊರಟೆ.

ಚಿದ್ರಿ ಒಂದು ಕಾಲಕ್ಕೆ ಬೀದರದ ಹೊರಗಿನ ಹಳ್ಳಿ. ಈಗ ನಗರವು ಬೆಳೆದು ಅದನ್ನು ತನ್ನೊಳಗೆ ಸೇರಿಸಿಕೊಂಡಿದೆ. ಹುಡುಗನ ಮನೆಯ ಹಳೆಯ ಭಾಗವನ್ನು ಕೆಡವಿ ಹೊಸದಾಗಿ ಕಟ್ಟುವ ಕೆಲಸ ನಡೆದಿತ್ತು. ಅಟ್ಟದಿಂದ ಇಳಿಸಿದ ಸಾಮಾನುಗಳೆಲ್ಲ ಅಂಗಳದ ಮೂಲೆಯಲ್ಲಿ ರಾಶಿಯಾಗಿ ಬಿದ್ದಿದ್ದವು. ಅವುಗಳಲ್ಲಿ ಯಾವುದು ಉಳಿಯಬೇಕು, ಯಾವುದು ಗುಜರಿಗೆ ಹೋಗಬೇಕು ಎಂಬ ತೀರ್ಮಾನ ಇನ್ನೂ ಆಗಿರಲಿಲ್ಲ. ಎಂಬತ್ತು ದಾಟಿದ ಆಯಿ ಆ ರಾಶಿಯ ಪಕ್ಕದಲ್ಲಿಯೇ ಕುಳಿತಿದ್ದರು.

“ಬರ್ರಿ ಮಾಸ್ತರ, ಕೂಡ್ರಿ. ಈ ಹಳಿ ಬುಟ್ಟಿ ನೋಡ್ಲಾಕ ನಿಮಗ ಇಷ್ಟು ದೂರ ಕರಕೊಂಡು ಬಂದನಾ ಇಂವ?” ಎನ್ನುತ್ತ ಎರಡು ವಸ್ತುಗಳನ್ನು ನನ್ನ ಮುಂದಿಟ್ಟರು.

ಮೊದಲನೆಯದು ಒಂದು ಗೇಣು ಎತ್ತರದ ಬಿದಿರಿನ ಬುಟ್ಟಿ. ಹೊಟ್ಟೆ ದುಂಡಗೆ, ಬಾಯಿ ಕಿರಿದು. ಬಾಯಂಚಿಗೆ ಸೀಳಿದ ಬೆತ್ತವನ್ನು ಸುತ್ತಿ ಬಿಗಿದಿದ್ದರು. ಹೊಗೆ ಹಿಡಿದು ಅದರ ಮೈ ಕಪ್ಪಾಗಿತ್ತು. ಎರಡನೆಯದು ಗೇಣಿಗಿಂತ ಕೊಂಚ ಉದ್ದವಾದ ಎಮ್ಮೆಯ ಕೊಂಬು. ಅಗಲವಾದ ಬುಡಕ್ಕೆ ಮರದ ಬಿರಡೆ. ಮೊನೆಯನ್ನು ಕತ್ತರಿಸಿ ಕೊರೆದ ಸಣ್ಣ ತೂತಿಗೆ ಇನ್ನೊಂದು ಪುಟ್ಟ ಬೆಣೆ. ಹೆಗಲಿಗೆ ತೂಗಹಾಕಲು ಒಂದು ಹುರಿ. ಇಂಥ ಒಂದು ಜೋಡಿ ಹಿಂದೆ ತಮ್ಮ ಅತ್ತೆಯವರ ಕೈಯಲ್ಲಿ ಸಂತೆಯಿಂದ ಸಂತೆಗೆ ತಿರುಗಿತ್ತೆಂದು ಆಯಿ ಹೇಳಿದರು. “ಉಪ್ಪು ಕೊಟ್ಟು ಜ್ವಾಳ ತರತಿದ್ರು. ದಾರ್ಯಾಗ ರೊಟ್ಟಿಗಿ ಈ ಕೊಂಬಿನಾಗಿನ ಖಾರ.”

ಎರಡಕ್ಕೂ ಒಂದೇ ಬಗೆಯ ಪಾತ್ರೆ ಸಾಲದೆ, ಬೇರೆ ಬೇರೆ ಏಕೆ ಎಂದು ಕೇಳಿದೆ. ಆಯಿ ನನ್ನನ್ನು ಕನಿಕರದಿಂದ ನೋಡಿದರು.

“ಉಪ್ಪಿಗಿ ಗಾಳಿ ಬೇಕ್ರಿ ಮಾಸ್ತರ. ಖಾರಕ್ಕ ಗಾಳಿ ಆಗಂಗಿಲ್ಲ.”

ನನ್ನ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಇಷ್ಟೇ. ಆದರೆ ಈ ಒಂದು ಮಾತಿನ ಹಿಂದೆ ಎಷ್ಟು ಜನರ ಅನುಭವ, ಎಷ್ಟು ದೂರದ ದಾರಿ ಅಡಗಿದೆ ಎಂಬುದನ್ನು ಬಿಡಿಸಿ ನೋಡಿದರೆ ಯಾರಿಗೂ ವಿಸ್ಮಯವಾಗದಿರದು.

ಲೋಹವನ್ನು ತಿನ್ನುವ ಉಪ್ಪು

ಉಪ್ಪು ನೋಡಲು ಒಣ ವಸ್ತು. ಆದರೆ ಗಾಳಿಯಲ್ಲಿರುವ ನೀರನ್ನು ಹೀರಿಕೊಳ್ಳುವ ಚಪಲ ಅದಕ್ಕೆ ಬಹಳ. ಶುದ್ಧವಾದ ಉಪ್ಪು ಕೂಡ ಗಾಳಿಯ ಸಾಪೇಕ್ಷ ತೇವಾಂಶ ಶೇಕಡಾ ೭೫ನ್ನು ದಾಟಿದರೆ ನೀರಾಗತೊಡಗುತ್ತದೆ. ಸಮುದ್ರದ ಹರಳುಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಎಂಬ ಇನ್ನೊಂದು ಲವಣವೂ ಬೆರೆತಿರುತ್ತದೆ. ಅದಕ್ಕಂತೂ ಶೇಕಡಾ ೩೩ರಷ್ಟು ತೇವಾಂಶವೇ ಸಾಕು. ಮಳೆಗಾಲ ಬಂತೆಂದರೆ ಹರಳುಪ್ಪು ತೊಟ್ಟಿಕ್ಕುವುದು ಈ ಕಾರಣದಿಂದಲೇ.

ಹೀಗೆ ಒಸರುವ ಉಪ್ಪುನೀರು ಯಾವ ಪಾತ್ರೆಯಲ್ಲಿದ್ದರೂ ಆ ಪಾತ್ರೆಗೆ ಶತ್ರು. ಕಬ್ಬಿಣವಾದರೆ ತುಕ್ಕು ಹಿಡಿದು ಪದರು ಪದರಾಗಿ ಉದುರುತ್ತದೆ. ತಾಮ್ರ, ಹಿತ್ತಾಳೆಗಳಿಗೆ ಹಸಿರು ಕಿಲುಬು ಏರುತ್ತದೆ. ಆ ಕಿಲುಬು ಹೊಟ್ಟೆಗೆ ವಿಷ. ಮೆರುಗಿಲ್ಲದ ಮಣ್ಣಿನ ಗಡಿಗೆಯಲ್ಲಿಟ್ಟರೆ ಉಪ್ಪುನೀರು ಗೋಡೆಯೊಳಗೆ ಇಳಿದು, ಹೊರಮೈಯಲ್ಲಿ ಒಣಗಿ ಬಿಳಿಯ ಹರಳುಗಟ್ಟಿ, ಕ್ರಮೇಣ ಗಡಿಗೆಯ ಮೈಯನ್ನೇ ಚಕ್ಕೆ ಚಕ್ಕೆಯಾಗಿ ಎಬ್ಬಿಸುತ್ತದೆ. ಆದುದರಿಂದಲೇ ಮಲೆನಾಡಿನವರು ಮರದ ಮರಿಗೆಯನ್ನೂ ತೆಂಗಿನ ಚಿಪ್ಪಿನ ಸೌಟನ್ನೂ ಉಪ್ಪಿಗೆಂದು ಇರಿಸಿಕೊಂಡರು. ಮರವಾಗಲಿ, ಚಿಪ್ಪಾಗಲಿ, ಬಿದಿರಾಗಲಿ, ಕೊಂಬಾಗಲಿ ತುಕ್ಕನ್ನರಿಯವು.

ಇವುಗಳಲ್ಲಿ ಬುಟ್ಟಿಯದು ಇನ್ನೊಂದು ಜಾಣತನ. ಅದು ಉಪ್ಪುನೀರಿನೊಡನೆ ಹೋರಾಡುವುದಿಲ್ಲ, ಅದಕ್ಕೆ ದಾರಿ ಬಿಡುತ್ತದೆ. ಒಸರಿದ ನೀರು ತಳದ ಸಂದುಗಳಿಂದ ಜಿನುಗಿ ಹೋಗುತ್ತದೆ. ಹಾಗೆ ಹೋಗುವಾಗ ಬೇಗ ಕರಗುವ ಕಹಿಲವಣವನ್ನೇ ಮೊದಲು ಒಯ್ಯುವುದರಿಂದ ಮೇಲುಳಿದ ಉಪ್ಪು ಹಿಂದಿಗಿಂತ ಶುದ್ಧವೂ ಆಗುತ್ತದೆ. ಆಯಿಯ ಬುಟ್ಟಿ ಕಪ್ಪಾದುದೇಕೆಂದರೆ ಮನೆಯಲ್ಲಿದ್ದಾಗ ಅದರ ಸ್ಥಾನ ಒಲೆಯ ಮೇಲಿನ ನೆಲುವು. ಕೆಳಗಿನಿಂದ ಬಿಸಿಯೂ ಹೊಗೆಯೂ ಏರುತ್ತಿದ್ದರೆ ಉಪ್ಪು ಒಣಗಿಯೂ ಇರುತ್ತದೆ, ಬಿದಿರಿಗೆ ಹುಳುವೂ ಬೀಳದು.

ಮಸಾಲೆಯ ಸ್ವಭಾವ ಇದಕ್ಕೆ ತೀರ ವಿರುದ್ಧ. ಲವಂಗ, ಏಲಕ್ಕಿ, ಕೊತ್ತಂಬರಿಗಳ ಪರಿಮಳವೆಂದರೆ ಅವುಗಳಲ್ಲಿರುವ ತೈಲ. ಗಾಳಿಗೆ ತೆರೆದಿಟ್ಟರೆ ಅದು ಆವಿಯಾಗಿ ಹೋಗುತ್ತದೆ. ಮೆಣಸಿನಕಾಯಿಯ ಕೆಂಪು ಬೆಳಕಿಗೆ ಮಾಸುತ್ತದೆ. ಪುಡಿಗೆ ತೇವ ತಗುಲಿದರೆ ಬೂಸರು. ಉಪ್ಪಿಗೆ ಕಿಟಕಿ ಬೇಕಾದರೆ ಮಸಾಲೆಗೆ ಭದ್ರವಾದ ಬಾಗಿಲು ಬೇಕು. ಆ ಬಾಗಿಲಿನ ಮನೆಯೇ ಕೊಂಬು.

ಕೊಂಬು ಪಾತ್ರೆಯಾಗುವ ಬಗೆ

ಕೊಂಬುಗಳೆಲ್ಲ ಒಂದೇ ಅಲ್ಲ. ಜಿಂಕೆ, ಕಡವೆಗಳ ಕವಲುಗೊಂಬು ಒಳಗೂ ಗಟ್ಟಿಯಾದ ಎಲುಬು. ಅದು ಕಾಲಕಾಲಕ್ಕೆ ಉದುರಿ ಮತ್ತೆ ಮೂಡುತ್ತದೆ. ದನ, ಎಮ್ಮೆ, ಆಡುಗಳ ಕೊಂಬು ಉದುರುವುದಿಲ್ಲ. ಅದರ ಒಳಗೆ ಎಲುಬಿನ ತಿರುಳು, ಹೊರಗೆ ನಮ್ಮ ಉಗುರು ಕೂದಲುಗಳನ್ನು ಕಟ್ಟಿರುವ ಕೆರಾಟಿನ್ ಎಂಬ ದ್ರವ್ಯದ ಚಿಪ್ಪು. ತಿರುಳನ್ನು ತೆಗೆದುಬಿಟ್ಟರೆ ಉಳಿಯುವುದು ಪ್ರಕೃತಿಯೇ ಮಾಡಿಕೊಟ್ಟ ಟೊಳ್ಳು ಪಾತ್ರೆ.

ಸತ್ತ ಪ್ರಾಣಿಯ ಕೊಂಬನ್ನು ಕೆಲವು ವಾರ ನೀರಿನಲ್ಲಿ ನೆನೆಹಾಕಿದರೆ ತಿರುಳಿನ ಹಿಡಿತ ಸಡಿಲಿ ಕಳಚಿ ಬರುತ್ತದೆ. ಆಗಿನ ನಾತವನ್ನು ಸಹಿಸಿಕೊಳ್ಳುವುದೇ ಈ ಕಸುಬಿನ ಮೊದಲನೆಯ ಪಾಠವಿರಬೇಕು! ಅನಂತರ ಚಿಪ್ಪನ್ನು ಕುದಿಸಿ ತೊಳೆಯಬೇಕು. ಬಿಸಿಯಲ್ಲಿ ಕೊಂಬು ಮೆತ್ತಗಾಗುತ್ತದೆ. ಆ ಹದದಲ್ಲಿ ಅದರ ಬಾಯನ್ನು ಅಚ್ಚಿಗೆ ತುರುಕಿ ದುಂಡಗೆ ಮಾಡಬಹುದು, ಚಪ್ಪಟೆಯಾಗಿ ಒತ್ತಲೂಬಹುದು. ಆರಿದ ಮೇಲೆ ಕೊಟ್ಟ ಆಕಾರ ಹಾಗೆಯೇ ನಿಲ್ಲುತ್ತದೆ. ಹೊರಮೈಯನ್ನು ಕತ್ತಿಯ ಅಲಗಿನಿಂದ ಹೆರೆದು, ನುಣುಪು ಮಾಡಿ, ಎಣ್ಣೆ ತಿಕ್ಕಿದರೆ ಕರಿಯ ಕಲ್ಲಿನ ಹೊಳಪು ಬರುತ್ತದೆ. ಬುಡಕ್ಕೆ ಮರದ ಬಿರಡೆಯನ್ನು ಅಳತೆಗೆ ಸರಿಯಾಗಿ ಕಡೆದು ಕೂರಿಸಬೇಕು. ಮೊನೆಯ ಕಡೆ ಕೊಂಬು ಟೊಳ್ಳಲ್ಲ, ಗಟ್ಟಿ. ಅಲ್ಲಿ ಸಣ್ಣ ತೂತು ಕೊರೆದರೆ ಪುಡಿಯನ್ನು ಬೇಕಾದಷ್ಟೇ ಉದುರಿಸಿಕೊಳ್ಳುವ ಮೂತಿ ಸಿದ್ಧ.

ಇಂಥ ಪಾತ್ರೆ ಬಿದ್ದರೆ ಒಡೆಯದು, ನೆನೆದರೆ ಸೋರದು, ಹೆಗಲಿಗೆ ಭಾರವಲ್ಲ. ಕೋವಿಯ ಮದ್ದನ್ನು ತೇವದಿಂದ ಕಾಪಾಡಲು ಹಿಂದಿನ ಸಿಪಾಯಿಗಳು ಲೋಕದ ನಾನಾ ದೇಶಗಳಲ್ಲಿ ಕೊಂಬನ್ನೇ ನಂಬಿದ್ದರೆಂಬುದು ಇದರ ಯೋಗ್ಯತೆಗೆ ಸಾಕಾದಷ್ಟು ಸಾಕ್ಷಿ.

ಬಿದಿರು ಬೆತ್ತಗಳೂ ಕೊಂಬೂ ಹೀಗೆ ಜೊತೆಗೂಡುವುದು ನಮ್ಮಲ್ಲಿ ಮಾತ್ರವಲ್ಲ. ಯೂರೋಪಿನ ಉತ್ತರದ ತುದಿಯಲ್ಲಿ, ನಾರ್ವೆ, ಸ್ವೀಡನ್, ಫಿನ್ಲೆಂಡುಗಳ ಹಿಮದ ನಾಡಿನಲ್ಲಿ, ಹಿಮಸಾರಂಗಗಳ ಹಿಂಡನ್ನು ಮೇಯಿಸಿಕೊಂಡು ಬಂದ ಸಾಮಿ ಎಂಬ ಜನರಿದ್ದಾರೆ. ಬಿದಿರಿಲ್ಲದ ಆ ನಾಡಿನಲ್ಲಿ ಅವರು ಬರ್ಚ್ ಮರದ ಬೇರುಗಳನ್ನು ಸೀಳಿ ಬಿಗಿಯಾಗಿ ಹೆಣೆದು ಉಪ್ಪಿನ ಬುರುಡೆಗಳನ್ನು ಮಾಡಿದರು. ಸಾರಂಗದ ಕವಲುಗೊಂಬಿನಿಂದ ಸಣ್ಣಪುಟ್ಟ ಕರಂಡಗಳನ್ನು ಕೆತ್ತಿದರು. ಬೀದರದ ಬಿಸಿಲೆಲ್ಲಿ, ಅಲ್ಲಿನ ಹಿಮವೆಲ್ಲಿ! ಒಬ್ಬರನ್ನೊಬ್ಬರು ಕಾಣದ ಈ ಎರಡು ಕಡೆಯ ಜನರಿಗೆ ಪಾಠ ಹೇಳಿದ ಗುರು ಮಾತ್ರ ಒಬ್ಬನೇ. ಅದು ಉಪ್ಪು.

ಬಿದಿರಿನ ಹೆಸರು ಹೊತ್ತ ಊರು

ಬೀದರವೆಂಬ ಹೆಸರು ಬಂದುದು ‘ಬಿದಿರು’ ಎಂಬ ಶಬ್ದದಿಂದ ಎನ್ನುವುದು ಬಹುಜನರ ನಂಬಿಕೆ. ವಿದುರನ ಊರು ಎಂಬ ಐತಿಹ್ಯವೂ ಉಂಟು. ಹೆಸರಿನ ಮಾತು ಹೇಗಾದರೂ ಇರಲಿ, ಬಿದಿರಿನ ಕಾಯಕಕ್ಕೆ ಈ ನಾಡಿನಲ್ಲಿ ದೊಡ್ಡ ಗೌರವ ಸಂದುದಂತೂ ನಿಜ. ಇದೇ ಜಿಲ್ಲೆಯ ಬಸವಕಲ್ಯಾಣ ಹನ್ನೆರಡನೆಯ ಶತಮಾನದ ಶರಣರ ಕಲ್ಯಾಣ. ಅಲ್ಲಿದ್ದ ಮೇದಾರ ಕೇತಯ್ಯನು ಬಿದಿರು ತಂದು, ಸೀಳಿ, ಬುಟ್ಟಿ ಮೊರಗಳನ್ನು ಹೆಣೆದು ಬದುಕಿದ ಶರಣ. ‘ಗವರೇಶ್ವರ’ ಎಂಬುದು ಅವನ ವಚನಗಳ ಅಂಕಿತ. ಬುಟ್ಟಿ ಹೆಣೆಯುವವರಿಗೆ ‘ಗವರಿಗ’ ಎಂಬ ಹೆಸರಿರುವುದನ್ನು ನೆನೆದರೆ, ತನ್ನ ದೇವರ ಹೆಸರಿನಲ್ಲಿಯೇ ಆತ ಕಸುಬನ್ನು ಕೂರಿಸಿದ್ದು ತಿಳಿಯುತ್ತದೆ. ಕೇತಯ್ಯನನ್ನು ಪರೀಕ್ಷಿಸಲು ಅವನು ಕಡಿಯುವ ಬಿದಿರಿನೊಳಗೆ ಹೊನ್ನು ತುಂಬಿಸಿದ್ದರೆಂದೂ, ಆತ ಅದನ್ನು ಹುಳು ಬಿದ್ದ ಬಿದಿರೆಂದು ಆಚೆ ಎಸೆದನೆಂದೂ ಕಥೆಯಿದೆ. ಬಿದಿರಿಗೆ ಹುಳು ಬೀಳುವುದೆಂದರೆ ಮೇದಾರನಿಗೆ ಎಂಥ ನಷ್ಟವೆಂಬುದನ್ನು ಬಲ್ಲವರೇ ಈ ಕಥೆ ಕಟ್ಟಿರಬೇಕು.

ಹುಳುವಿಗೆ ಬೇಕಾದುದು ಬಿದಿರಿನ ಒಳತಿರುಳಿನಲ್ಲಿರುವ ಪಿಷ್ಟ. ಅದನ್ನು ಕಳೆಯಲು ಬಿದಿರನ್ನು ಕಡಿದ ಮೇಲೆ ನೀರಿನಲ್ಲಿ ನೆನೆಹಾಕುತ್ತಾರೆ. ಬಲಿತ ಬಿದಿರನ್ನು ಉದ್ದಕ್ಕೆ ಸೀಳಿ, ಹೊರಸಿಪ್ಪೆಯ ಎಳೆಗಳನ್ನು ಒಳತಿರುಳಿನ ಎಳೆಗಳಿಂದ ಬೇರ್ಪಡಿಸುತ್ತಾರೆ. ಹೊರಸಿಪ್ಪೆ ನುಣುಪು, ಗಟ್ಟಿ, ನೀರಿಗೆ ಬೇಗ ಸೋಲದು. ಉಪ್ಪಿನ ಬುಟ್ಟಿಗೆ ಅದೇ ಆಗಬೇಕು. ತಳಕ್ಕೆ ಪಟ್ಟಿಗಳನ್ನು ಅಡ್ಡಡ್ಡಲಾಗಿ ಹಾಕಿ, ತುದಿಗಳನ್ನು ಮೇಲಕ್ಕೆ ಬಾಗಿಸಿ ಗೂಟಗಳಂತೆ ನಿಲ್ಲಿಸಿ, ಅವುಗಳ ನಡುವೆ ತೆಳುವಾದ ಎಳೆಯನ್ನು ಹಿಂದುಮುಂದಾಗಿ ಹಾಯಿಸುತ್ತ ಸುತ್ತಬೇಕು. ಆಯಿಯ ಬುಟ್ಟಿಯಲ್ಲಿ ತಳದ ಹೆಣಿಗೆ ಸಡಿಲ, ಪಕ್ಕದ ಹೆಣಿಗೆ ಬಿಗಿ. ನೀರು ಇಳಿಯಬೇಕು, ಹರಳು ಉದುರಬಾರದು. ಈ ಲೆಕ್ಕವನ್ನು ಮಾಡಿದ ಕೈ ಯಾವುದೋ ಆಯಿಗೂ ತಿಳಿಯದು. “ಯಾರೋ ಬುರುಡರು ಮಾಡಿ ಕೊಟ್ಟಿದ್ದರಿ” ಎಂದಷ್ಟೇ ಹೇಳಿದರು. ಬುರುಡರೆಂದರೆ ಈ ಭಾಗದಲ್ಲಿ ಬಿದಿರಿನ ಕೆಲಸದವರು.

ಸಮುದ್ರದಿಂದ ಬಂದ ದಾರಿ

ಬೀದರದಿಂದ ಪೂರ್ವಕ್ಕೆ ಹೊರಟರೂ ಪಶ್ಚಿಮಕ್ಕೆ ಹೊರಟರೂ ಸಮುದ್ರ ಸುಮಾರು ೪೦೦ ಕಿಲೋಮೀಟರಿನಷ್ಟು ದೂರ. ದಿನಕ್ಕೆ ತಲೆಗೆ ೫ ಗ್ರಾಮಿಗಿಂತ ಹೆಚ್ಚು ಉಪ್ಪು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಲೆಕ್ಕ ಹಿಡಿದರೂ ಹತ್ತು ಜನರ ಮನೆಗೆ ವರ್ಷಕ್ಕೆ ೧೮ ಕಿಲೋಗ್ರಾಮಿಗೂ ಹೆಚ್ಚು ಉಪ್ಪು ಬೇಕು. ದನಕರುಗಳ ಪಾಲು ಬೇರೆ. ಎಷ್ಟು ಬೆಳೆದರೂ ಹೊಲದಲ್ಲಿ ಉಪ್ಪು ಬೆಳೆಯದು. ಹಾಗಾದರೆ ರೈಲು ಲಾರಿಗಳಿಲ್ಲದ ಕಾಲದಲ್ಲಿ ಇಷ್ಟು ಉಪ್ಪು ಒಳನಾಡಿಗೆ ಬಂದುದು ಹೇಗೆ?

ಎತ್ತಿನ ಬೆನ್ನಿನ ಮೇಲೆ. ಹೇರೆತ್ತುಗಳ ದೊಡ್ಡ ತಂಡಗಳನ್ನು ಕಟ್ಟಿಕೊಂಡು ನಾಡೆಲ್ಲ ಸಂಚರಿಸಿದವರು ಬಂಜಾರರು, ನಮ್ಮ ಮಾತಿನಲ್ಲಿ ಲಂಬಾಣಿಗಳು. ಹದಿನೇಳನೆಯ ಶತಮಾನದಲ್ಲಿ ಭಾರತಕ್ಕೆ ಬಂದ ಫ್ರೆಂಚ್ ರತ್ನವ್ಯಾಪಾರಿ ತಾವೆರ್ನಿಯೆ ಹತ್ತು ಹನ್ನೆರಡು ಸಾವಿರ ಎತ್ತುಗಳು ಒಂದೇ ತಂಡವಾಗಿ ಅಕ್ಕಿ, ಧಾನ್ಯ, ಉಪ್ಪುಗಳನ್ನು ಹೊತ್ತು ಸಾಗುವುದನ್ನು ಕುರಿತು ಬರೆದಿದ್ದಾನೆ. ಪೀಟರ್ ಮಂಡಿ ಎಂಬ ಆಂಗ್ಲ ಪ್ರವಾಸಿ ಉತ್ತರ ಭಾರತದ ದಾರಿಯಲ್ಲಿ ೧೬೩೨ರಲ್ಲಿ ಕಂಡ ಒಂದು ತಾಂಡದಲ್ಲಿ ೧೪,೦೦೦ ಎತ್ತುಗಳಿದ್ದವಂತೆ. ದಾರಿಯುದ್ದಕ್ಕೂ ಮೇಯುತ್ತ ಸಾಗುವ ಎತ್ತು ದಿನಕ್ಕೆ ಹತ್ತು ಹನ್ನೆರಡು ಕಿಲೋಮೀಟರಿಗಿಂತ ಹೆಚ್ಚು ನಡೆಯದು. ಅಂದರೆ ಸಮುದ್ರದ ಉಪ್ಪು ಬೀದರದ ಸಂತೆಯನ್ನು ಸೇರಲು ಒಂದು ತಿಂಗಳಿಗೂ ಮಿಕ್ಕಿ ಬೇಕು. ಎತ್ತಿನ ಬೆನ್ನಿನ ಎರಡೂ ಬದಿಗೆ ಇಳಿಬೀಳುವ ಜೋಡುಚೀಲಕ್ಕೆ ಕನ್ನಡದಲ್ಲಿ ‘ಕಂಟಲೆ’ ಎಂಬ ಹೆಸರಿದೆ. ‘ಲಂಬಾಣಿ’ ಎಂಬ ಹೆಸರೇ ‘ಲವಣ’ ಶಬ್ದದಿಂದ ಬಂದುದೆಂದು ಹೇಳುವ ಪಂಡಿತರಿದ್ದಾರೆ, ಒಪ್ಪದವರೂ ಇದ್ದಾರೆ.

ಕಂಟಲೆಯಲ್ಲಿ ಬಂದ ಉಪ್ಪು ಪೇಟೆಯಲ್ಲಿ ಇಳಿದ ಮೇಲೆ ಅದನ್ನು ಹಳ್ಳಿಯ ಒಲೆಯವರೆಗೆ ಮುಟ್ಟಿಸಿದುದು ಆಯಿಯ ಅತ್ತೆಯಂಥವರ ಬುಟ್ಟಿ. ಆ ದೂರದ ಪಯಣದ ಕೊನೆಯ ಒಂದೆರಡು ಹರದಾರಿಗೆ ಅದೇ ವಾಹನ.

ಈ ದಾರಿಯನ್ನು ಮುಚ್ಚಿದುದು ರೈಲು. ೧೮೭೪ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಓಡತೊಡಗಿತು. ಹೀಗೆ ಒಂದೊಂದೇ ಹಳಿ ಬಿದ್ದಂತೆ ಹೇರೆತ್ತಿನವರ ಕೆಲಸ ತಪ್ಪುತ್ತ ಹೋಯಿತು. ಕೆಲಸ ತಪ್ಪಿ ಅಲೆದವರ ಮೇಲೆ ಆಂಗ್ಲ ಸರಕಾರಕ್ಕೆ ಸಂಶಯ. ೧೮೭೧ರಲ್ಲಿ ತಂದ ಕಾಯಿದೆಯ ಹೆಸರಿನಲ್ಲಿ, ಅಲೆಮಾರಿ ಜನಾಂಗಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಲಾಯಿತು; ಹಲವು ಕಡೆ ಬಂಜಾರರೂ ಅದರಲ್ಲಿ ಸೇರಿದರು. ನಾಡಿಗೆಲ್ಲ ಉಪ್ಪು ಉಣಿಸಿದವರಿಗೆ ನಾಡು ಕೊಟ್ಟ ಪ್ರತಿಫಲವಿದು. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದೆಂಬ ಗಾದೆಯನ್ನು ಸರಕಾರಗಳಿಗೆ ಯಾರು ಕಲಿಸಬೇಕು? ಆ ಕಳಂಕ ಕಾಗದದ ಮೇಲಾದರೂ ಅಳಿಸಿದುದು ಸ್ವಾತಂತ್ರ್ಯ ಬಂದ ಮೇಲೆ, ೧೯೫೨ರಲ್ಲಿ. ಔರಾದ, ಭಾಲ್ಕಿ ತಾಲ್ಲೂಕುಗಳ ತಾಂಡಗಳಲ್ಲಿ ಇಂದು ಬೇಸಾಯ ಮಾಡುತ್ತ, ಮಕ್ಕಳನ್ನು ಓದಿಸುತ್ತ ನೆಲೆಸಿರುವವರು ಆ ಹೇರೆತ್ತಿನವರ ಸಂತತಿ.

ಬೀದರದ ಇನ್ನೊಂದು ಡಬ್ಬಿ

ಬೀದರದ ಕೈಕೆಲಸವೆಂದರೆ ನಮ್ಮ ಪಟ್ಟಣದ ಓದುಗರಿಗೆ ನೆನಪಾಗುವುದು ಬುಟ್ಟಿಯಲ್ಲ, ಬಿದ್ರಿ. ಕಪ್ಪು ಮೈಯ ಮೇಲೆ ಬೆಳ್ಳಿಯ ಬಳ್ಳಿ ಹಬ್ಬಿದ ಪಾನದಾನ, ಏಲಕ್ಕಿಯ ಕರಡಿಗೆ, ಹುಕ್ಕಾ ಬುರುಡೆಗಳು ಹೈದರಾಬಾದಿನ ಸಾಲಾರ್ ಜಂಗ್ ಸಂಗ್ರಹಾಲಯದಿಂದ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದವರೆಗೆ ಗಾಜಿನ ಕಪಾಟುಗಳಲ್ಲಿ ಕುಳಿತಿವೆ. ೨೦೦೬ರಲ್ಲಿ ಬಿದ್ರಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಬೀದರದ ಬಿದ್ರಿ ಕಲಾವಿದ ಷಾ ರಷೀದ್ ಅಹಮದ್ ಖಾದ್ರಿಯವರಿಗೆ ೨೦೨೩ರಲ್ಲಿ ಪದ್ಮಶ್ರೀ ಬಂದಾಗ ಊರೆಲ್ಲ ಹಿಗ್ಗಿತು. ಹಿಗ್ಗಬೇಕಾದ ಮಾತೇ ಅದು.

ಆದರೆ ಈ ಚೆಲುವಾದ ಡಬ್ಬಿಯ ಹಿಂದೆಯೂ ಉಪ್ಪೇ ಇದೆ ಎಂದರೆ ವಾಚಕರು ನಂಬುವರೇ? ಬಿದ್ರಿಯ ಲೋಹ ಸತು ಮತ್ತು ತಾಮ್ರಗಳ ಮಿಶ್ರಣ. ಸುಮಾರು ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ. ಅದನ್ನು ಮರಳಿನ ಅಚ್ಚಿನಲ್ಲಿ ಎರೆದು, ಅರದಿಂದ ಉಜ್ಜಿ, ಗೆರೆ ಕಾಣಲೆಂದು ಮೈಲುತುತ್ತದ ನೀರಿನಿಂದ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ. ಉಳಿಯಿಂದ ಚಿತ್ತಾರ ಕೊರೆದು, ಆ ಕಾಲುವೆಗಳಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾರೆ. ಕೊನೆಯದೇ ಮುಖ್ಯ. ಬೀದರದ ಕೋಟೆಯೊಳಗೆ ಬಿಸಿಲು ಮಳೆ ತಾಗದ ಕಡೆಯ ಹಳೆಯ ಮಣ್ಣನ್ನು ತಂದು, ನವಸಾಗರದೊಡನೆ ಕಲಸಿ, ಬಿಸಿ ಮಾಡಿದ ಪಾತ್ರೆಗೆ ತಿಕ್ಕುತ್ತಾರೆ. ಸತು ಶಾಶ್ವತವಾಗಿ ಕಪ್ಪಾಗುತ್ತದೆ. ಬೆಳ್ಳಿ ಬೆಳ್ಳಗೆ ಉಳಿಯುತ್ತದೆ. ಆ ಮೇಲೆ ಎಣ್ಣೆ ತಿಕ್ಕಿದರೆ ಕಪ್ಪು ಗಾಢವಾಗುತ್ತದೆ.

ನವಸಾಗರವೂ ಒಂದು ಲವಣ. ಹಳೆಯ ಮಣ್ಣಿನ ಗುಣವೂ ಅದರೊಳಗಿನ ಲವಣಗಳದೇ ಎನ್ನುತ್ತಾರೆ. ಆ ಮಣ್ಣು ಕೆಲಸಕ್ಕೆ ಬರುವುದೋ ಇಲ್ಲವೋ ಎಂದು ಕುಶಲಿಗಳು ಪರೀಕ್ಷಿಸುವುದು ಯಾವ ಯಂತ್ರದಿಂದಲೂ ಅಲ್ಲ, ಒಂದು ಚಿಟಿಕೆಯನ್ನು ನಾಲಗೆಯ ಮೇಲಿಟ್ಟು ರುಚಿ ನೋಡಿ! ಮೇದಾರನು ಲೋಹದ ತಂಟೆಯೇ ಬೇಡವೆಂದು ಉಪ್ಪಿಗೆ ಬಿದಿರನ್ನು ಒಡ್ಡಿದ. ಬಿದ್ರಿಯವನು ಲೋಹವನ್ನು ಲವಣದ ಮುಂದೆ ತಾನಾಗಿ ಇಟ್ಟು, ತಿನ್ನಬೇಕಾದಷ್ಟೇ ತಿನ್ನಗೊಟ್ಟು, ಅದನ್ನೇ ಅಲಂಕಾರ ಮಾಡಿಕೊಂಡ. ಇಬ್ಬರೂ ಲವಣದ ಗುಣವನ್ನು ಬಲ್ಲವರು. ಆದರೆ ಅರಮನೆಯ ಬೈಠಕ್ಕಿನಲ್ಲಿ ಕುಳಿತ ಡಬ್ಬಿಗೆ ಇತಿಹಾಸ ಸಿಕ್ಕಿತು. ಬಿಸಿಲಿನಲ್ಲಿ ನಡೆದ ಬುಟ್ಟಿಗೆ ಸಿಗಲಿಲ್ಲ. ಬಿದಿರು ಕೊಳೆಯುತ್ತದೆ, ಕೊಂಬನ್ನು ಹುಳು ಕೊರೆಯುತ್ತದೆ. ಹಳೆಯದಾದರೆ ಒಲೆಗೆ ಹೋಗುತ್ತದೆ.

ಉಪ್ಪೇ ಬದಲಾದ ಮೇಲೆ

ಹಾಗಾದರೆ ನಾವೆಲ್ಲ ಪ್ಲಾಸ್ಟಿಕ್ ಡಬ್ಬಿಯನ್ನು ಎಸೆದು ಮತ್ತೆ ಬಿದಿರಿನ ಬುಟ್ಟಿಯಲ್ಲಿ ಉಪ್ಪು ಇಡೋಣವೇ? ಹಾಗೆ ಹೇಳಿದರೆ ತಪ್ಪಾದೀತು. ಏಕೆಂದರೆ ಈಗ ನಮ್ಮ ಅಡುಗೆಮನೆಗೆ ಬರುವ ಉಪ್ಪು ಆಯಿಯ ಅತ್ತೆಯವರ ಉಪ್ಪಲ್ಲ. ಗಳಗಂಡ ಮೊದಲಾದ ರೋಗಗಳನ್ನು ತಡೆಯಲು ಅದಕ್ಕೆ ಅಯೋಡಿನ್ ಬೆರೆಸಿರುತ್ತಾರೆ. ಅಯ���ೋಡಿನ್ ಇಲ್ಲದ ಉಪ್ಪನ್ನು ಊಟಕ್ಕೆಂದು ಮಾರುವುದನ್ನು ೨೦೦೬ರಲ್ಲಿ ದೇಶದಾದ್ಯಂತ ನಿಷೇಧಿಸಲಾಯಿತು. ತೇವಕ್ಕೆ, ಬಿಸಿಗೆ, ತೆರೆದ ಗಾಳಿಗೆ ಈ ಅಯೋಡಿನ್ ಕಡಮೆಯಾಗುತ್ತದೆ. ಒಸರುವ ಬುಟ್ಟಿಯಲ್ಲಿಟ್ಟು ಒಲೆಯ ಮೇಲೆ ತೂಗಿಸಿದರೆ ಉಪ್ಪುನೀರಿನೊಡನೆ ಅದೂ ಇಳಿದು ಹೋದೀತು. ಹಿಂದೆ ಖಾರಕ್ಕೆ ಬೇಕಾಗಿದ್ದ ಬಾಗಿಲು ಈಗ ಉಪ್ಪಿಗೂ ಬೇಕಾಗಿದೆ. ಬುಟ್ಟಿ ಮೂಲೆ ಸೇರಿದುದಕ್ಕೆ ಹೊಸ ಹೆಣ್ಣುಮಕ್ಕಳ ಷೋಕಿಯನ್ನು ದೂರುವ ಹಿರಿಯರು ಇದನ್ನು ಗಮನಿಸಬೇಕು.

ಆದರೆ ಪಾತ್ರೆ ಹೋದರೂ ಅದರೊಳಗಿದ್ದ ತಿಳಿವಳಿಕೆ ಹೋಗಬೇಕಾಗಿಲ್ಲ. ಯಾವ ವಸ್ತುವಿನ ಸ್ವಭಾವ ಏನು, ಅದಕ್ಕೆ ಎಂಥ ಮನೆ ಕಟ್ಟಬೇಕು ಎಂದು ಕೇಳುವ ಬುದ್ಧಿ ಎಂದಿಗೂ ಹಳೆಯದಾಗದು. ಬಿದಿರಿನ ಕಸುಬಿಗೂ ದಾರಿ ಪೂರ್ತಿ ಮುಚ್ಚಿಲ್ಲ. ೨೦೧೭ರ ತಿದ್ದುಪಡಿಯಿಂದ, ಅರಣ್ಯದ ಹೊರಗೆ ಬೆಳೆದ ಬಿದಿರು ಅರಣ್ಯ ಕಾಯಿದೆಯ ದೃಷ್ಟಿಯಲ್ಲಿ ‘ಮರ’ವಲ್ಲ, ರೈತನು ತನ್ನ ಬದುವಿನಲ್ಲಿ ಬೆಳೆದು ಕಡಿಯುವುದು ಸುಲಭವಾಗಿದೆ. ಬಿದಿರು ದೊರೆತು, ಹೆಣೆದುದಕ್ಕೆ ಕೊಳ್ಳುವವರೂ ದೊರೆತರೆ ಹೆಣೆಯುವ ಕೈ ತಾನಾಗಿ ಉಳಿಯುತ್ತದೆ. ಮದುವೆಯ ದಿನ ಮಾತ್ರ ಮೊರವನ್ನು ಹುಡುಕಿಕೊಂಡು ಹೋಗಿ, ಆ ದಿನವೂ ನಾಲ್ಕು ಕಾಸಿಗೆ ಚೌಕಾಸಿ ಮಾಡುವ ನಮ್ಮಂಥವರು ಇದನ್ನು ಯೋಚಿಸಬೇಕು.

ಹೊರಡುವ ಹೊತ್ತಿಗೆ ಆಯಿ ಕೇಳಿದರು: “ನಿಮ್ಮ ಕಾಲೇಜಿನಾಗ ಈ ಕೊಂಬಿಗೊಂದು ಜಾಗ ಅದ ಏನ್ರಿ ಮಾಸ್ತರ? ಇಲ್ಲಿದ್ದರ ನಾಳಿ ಗುಜರಿಯಾಂವ ಒಯ್ತಾನ.” ನಮ್ಮ ವಿಭಾಗದಲ್ಲಿ ಪುಸ್ತಕದ ಕಪಾಟು ಒಂದಿದೆಯೆಂದೆ. ಕೊಂಬನ್ನು ಸೆರಗಿನಿಂದ ಒರೆಸಿ ನನ್ನ ಕೈಗಿತ್ತರು. ಬುಟ್ಟಿಯ ಕಡೆಗೆ ನಾನು ನೋಡಿದುದನ್ನು ಕಂಡು ಅದನ್ನು ತಮ್ಮ ಹತ್ತಿರಕ್ಕೆ ಎಳೆದುಕೊಂಡರು.

“ಇದು ಇಲ್ಲೇ ಇರ್ಲಿರಿ. ಹೊಸ ಮನ್ಯಾಗ ಬಳ್ಳೊಳ್ಳಿ ಹಾಕಿ ಇಡ್ತೀನಿ. ಬಳ್ಳೊಳ್ಳಿಗೀ ಗಾಳಿ ಬೇಕಲ್ರಿ.”

ಮರುದಿನ ತರಗತಿಗೆ ಕೊಂಬನ್ನು ಒಯ್ದು ಮೇಜಿನ ಮೇಲಿಟ್ಟೆ. ಯಾರೂ ನಗಲಿಲ್ಲ. ಮುಂದಿನ ಬೆಂಚಿನ ಆ ಹುಡುಗಿ ಎದ್ದು ಬಂದು, ಮೊನೆಯ ಬೆಣೆಯನ್ನು ಕಿತ್ತು, ಮೂಗಿನ ಹತ್ತಿರ ಹಿಡಿದಳು. ಎಷ್ಟು ವರ್ಷಗಳ ಖಾರವೋ, ತಡೆಯಲಾರದೆ ಮೂರು ಸಲ ಸೀನಿದಳು.